ಗೆಸ್ಟ್ ಬ್ಲಾಕು, ಪ್ರೋಟೊಕಾಲ್ ರದ್ದು

ಕಂಪ್ಯೂಟರಿನಿಂದ ಹಳೆಯದೊಂದನ್ನು ತೆಗೆದಾಗಲೆಲ್ಲ ಎಲ್ಲೋ ಒಬ್ಬರ ಎದೆ ಹಾರಿಯೇ ಹಾರುತ್ತದೆ. ಹೆಚ್ಚಿನ ಸಲ ಆ ಎದೆ ನನ್ನದು.

ಸಿಂದಗಿಯಲ್ಲಿ ನನ್ನದೊಂದು ಪುಟ್ಟ ರಿಪೇರಿ ಅಂಗಡಿ. ಹೋದ ವರ್ಷ ಸುತ್ತಲಿನ ಊರುಗಳಲ್ಲಿ ನಾನೇ ಕೂತು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟೆ. ಒಂದು ಕಂಪ್ಯೂಟರಿನ ಫೈಲನ್ನು ಪಕ್ಕದ ಕಂಪ್ಯೂಟರಿನಲ್ಲಿ ನೋಡುವ ಹಳೆಯ ವ್ಯವಸ್ಥೆಯೊಂದಿತ್ತು; ನಮ್ಮ ಕಸುಬಿನ ಮಾತಿನಲ್ಲಿ ಅದಕ್ಕೆ ಪ್ರೋಟೊಕಾಲ್ ಅಂತ ಹೆಸರು. ವೈರಸ್ಸು ನುಗ್ಗುವುದು ಅದೇ ದಾರಿಯಲ್ಲಿ ಅಂತ ಹೊಸದರಲ್ಲಿ ಅದನ್ನು ಕಿತ್ತುಹಾಕಿದ್ದರು. ನನಗೆ ಅದು ಗೊತ್ತಾದದ್ದು ಎಲ್ಲ ಕಡೆ ಹಾಕಿ ಮುಗಿಸಿದ ಮೇಲೆ. ಆಮೇಲೆ ಫೋನು ಬಡಿದರೆ ಸಾಕು, ಇದು ಯಾವ ಊರಿನದೋ ಅಂತ ಹೆದರುತ್ತಿದ್ದೆ.

೧. ಮುದ್ದೇಬಿಹಾಳದ ಲಾಡ್ಜು

ಮೊದಲು ಫೋನು ಮಾಡಿದವರು ಲಾಡ್ಜಿನ ಮ್ಯಾನೇಜರ್ ಚಾಚಾ.

"ಬೇಟಿ, ಪೊಲೀಸ್ರು ನಮ್ಮ ಲಾಡ್ಜ್ ಬಂದ್ ಮಾಡ್ಯಾರೇನು?"

"ಯಾರು ಹೇಳಿದ್ರು ಚಾಚಾ?"

"ಕಂಪ್ಯೂಟರ್ ಹೇಳಾಕತ್ತೈತಿ. ಸೆಕ್ಯುರಿಟಿ ಅಂತ, ಗೆಸ್ಟ್ ಬ್ಲಾಕ್ ಅಂತ. ಮುಂಜಾನಿಂದ ನಾಕು ಮಂದಿ ಗೆಸ್ಟ್ ಬಂದಿದ್ರು. ಕೈ ಮುಗದು ವಾಪಸ್ ಕಳಿಸೇನಿ."

ಪಾಸ್‌ವರ್ಡ್ ಇಲ್ಲದೆ ಒಳಬರುವ ಕಂಪ್ಯೂಟರಿಗೂ ಗೆಸ್ಟ್ ಅಂತಲೇ ಹೆಸರು, ತಡೆದಿರುವುದು ಅದನ್ನು ಮಾತ್ರ ಎಂದು ಬಿಡಿಸಿ ಹೇಳಿದೆ.

"ಹಂಗಾದ್ರ ಲಗೂನ ಬಾ ಬೇಟಿ. ನಾಕನೇದವ್ರು ನಮ್ಮ ಮಾಲಕರ ಬೀಗರು."

೨. ಬಾಗೇವಾಡಿಯ ಚೀಟಿ

ಇನ್ನು ಯಾರೂ ಗಾಬರಿಯಾಗಬಾರದು ಅಂತ ಬಸವನ ಬಾಗೇವಾಡಿಯ ಒಂದು ಸರ್ಕಾರಿ ಕಚೇರಿಯಲ್ಲಿ, ಕಂಪ್ಯೂಟರಿನ ಮೇಲೆ ದೊಡ್ಡ ಅಕ್ಷರದ ಚೀಟಿ ಅಂಟಿಸಿ ಬಂದೆ: "ಹಳೆಯ ಪ್ರೋಟೊಕಾಲ್ ರದ್ದಾಗಿದೆ." ಕೆಳಗೆ ನನ್ನ ನಂಬರು.

ಮರುದಿನ ಅಲ್ಲಿಯ ಗುಮಾಸ್ತರ ಫೋನು. ಪಿಸುಮಾತು.

"ಮೇಡಂ, ಜಿಲ್ಲಾದಿಂದ ಸಾಹೇಬ್ರು ಬಂದಿದ್ರು. ನಾವು ಹಾರ ಹಾಕಲಿಲ್ಲ, ಚಾ ತರಿಸಲಿಲ್ಲ, ಎದ್ದೂ ನಿಂದರಲಿಲ್ರಿ."

"ಅಯ್ಯೋ, ಯಾಕ್ರಿ?"

"ನೀವ ಅಲ್ರಿ ಪ್ರೋಟೊಕಾಲ್ ರದ್ದು ಅಂತ ಬರದು ಹೋಗಿದ್ದು? ಸಾಹೇಬ್ರು ಚೀಟಿ ಓದಿದ್ರು, ನಿಮ್ಮ ನಂಬರ್ ಬರಕೊಂಡು ಹೋದ್ರು."

ಎರಡು ದಿನ ಫೋನು ಬಂದ್ ಮಾಡಿ ಕೂತೆ. ಅನ್ನ ಸೇರಲಿಲ್ಲ. ಮೂರನೆಯ ದಿನ ಹೆದರುತ್ತ ಚಾಲೂ ಮಾಡಿದರೆ ಸಾಹೇಬರದೇ ಕರೆ.

"ಮುಂದಿನ ವಾರ ನಮ್ಮ ಆಫೀಸಿಗೆ ಮ್ಯಾಲಿನ ಸಾಹೇಬ್ರು ಬರಾಕತ್ತಾರ್ರಿ. ಅಂಥದೊಂದು ಚೀಟಿ ನಮಗೂ ಬೇಕಾಗಿತ್ತು."

೩. ಇಂಡಿ ಊರಿನ ಅಜ್ಜ

ಇಂಡಿ ಪಟ್ಟಣದ ಎಲುಬು ಡಾಕ್ಟರರ ಆಸ್ಪತ್ರೆಯಿಂದ ಕರೆ ಬಂದಾಗ ಮಾತ್ರ ನಿಜಕ್ಕೂ ಜೀವ ಹೋದಂತಾಯಿತು. ಎಕ್ಸ್‌ರೇ ಕೋಣೆಯಲ್ಲಿ ತೆಗೆದ ಚಿತ್ರ ಡಾಕ್ಟರರ ಟೇಬಲ್ಲಿಗೆ ಬರುತ್ತಿರಲಿಲ್ಲ. ಮೊದಲ ಬಸ್ಸಿಗೇ ಓಡಿದೆ.

ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜ, ಪಕ್ಕದಲ್ಲಿ ಅಜ್ಜಿ. ಬೈಕಿನಿಂದ ಬಿದ್ದು ಅಜ್ಜನ ಕಾಲು ಬಾತುಕೊಂಡಿತ್ತು. ಎಕ್ಸ್‌ರೇ ಆಗಲೇ ಮುಗಿದಿತ್ತು. ಒಳಗೆ ಡಾಕ್ಟರು ಖಾಲಿ ಪರದೆ ತೋರಿಸುತ್ತ ನನಗೆ ಜೋರಾಗಿ ಹೇಳಿದರು, "ಏನೂ ಕಾಣವಲ್ದು ನೋಡ್ರಿ. ಪೂರಾ ಕ್ಲೀನ್ ಐತಿ."

ನಾನು ಟೇಬಲ್ಲಿನ ಕೆಳಗೆ ಹೊಕ್ಕು ವೈರು ನೋಡಿದೆ, ಮೇಲೆ ಬಂದು ಹೊಸ ವ್ಯವಸ್ಥೆ ಜೋಡಿಸಿದೆ. ಅರ್ಧ ತಾಸಿಗೆ ಚಿತ್ರ ಬಂತು. ಎಲುಬು ಅಡ್ಡಕ್ಕೆ ಬಿರುಕು ಬಿಟ್ಟದ್ದು ನನಗೂ ಕಂಡಿತು.

"ಅಜ್ಜಾರನ್ನ ಕರೀರಿ," ಅಂದರು ಡಾಕ್ಟರು.

ಬೆಂಚು ಖಾಲಿ!

"ಭಾರ ಬಿದ್ರ ಎಲುಬು ಸರದು ಹೋಗತೈತ್ರಿ!" ಎನ್ನುತ್ತ ಡಾಕ್ಟರು ಓಡಿದರು. ಹಿಂದೆ ನರ್ಸು, ಅವರ ಹಿಂದೆ ನಾನು. ಆ ಕಾಲಿಗೆ ಏನಾದರೂ ಆದರೆ ತಪ್ಪು ನನ್ನದೇ.

ಅಜ್ಜ ಅಜ್ಜಿಯ ಹೆಗಲು ಹಿಡಿದು, ಒಂಟಿಗಾಲಲ್ಲಿ ಕುಪ್ಪಳಿಸುತ್ತ ಗೇಟಿನ ಹತ್ತಿರ ಹೋಗಿದ್ದ.

"ಅಜ್ಜಾ, ನಿಂದರ್ರಿ!" ಚೀರಿದೆ.

"ಯಾಕವಾ? ಏನೂ ಇಲ್ಲಂತ ಡಾಕ್ಟರ್ರ ಅಂದ್ರಲ್ಲ!"

ಗಾಲಿ ಕುರ್ಚಿಯಲ್ಲಿ ಕೂರಿಸಿ ಒಳಗೆ ತಂದರು. ಪುಣ್ಯಕ್ಕೆ ಎಲುಬು ಸರಿದಿರಲಿಲ್ಲ. ಪ್ಲಾಸ್ಟರ್ ಹಾಕುವ ಮುಂಚೆ ಡಾಕ್ಟರು ಪರದೆ ತಿರುಗಿಸಿ ಬಿರುಕು ತೋರಿಸಿದರು. ಅಜ್ಜ ಚಿತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಚಿತ್ರ ನೋಡಿದ.

"ಯವ್ವಾ, ನೀ ಕಂಪ್ಯೂಟರ್ ರಿಪೇರಿ ಮಾಡೂತನಕ ನನ್ನ ಕಾಲು ಮುರದಿದ್ದಿಲ್ಲ."