ನಿನ್ನೆಯದನ್ನು ಒಲ್ಲದ ನನ್ನ ಮೊಮ್ಮಗಳು

ನನ್ನ ಮೊಮ್ಮಗಳಂಥ ತಲೆತಿರುಕಿ ಮೊರಬದಿಂದ ನವಲಗುಂದದವರೆಗೆ ಹುಡುಕಿದರೂ ಇನ್ನೊಬ್ಬಳು ಸಿಗಲಿಕ್ಕಿಲ್ಲ. ಇರುವ ಒಬ್ಬಳು ನಮ್ಮ ಮನೆಗೇ ಬಂದು ಹುಟ್ಟಿದ್ದಾಳೆ! ವಯಸ್ಸು ಇಪ್ಪತ್ತಮೂರು. ಸಾಲಿಯಲ್ಲಿ ಟೀಚರು. ಆಕೆಗೆ ಜಗತ್ತಿನಲ್ಲಿ ಒಬ್ಬನೇ ವೈರಿ, ನಿನ್ನೆ ಮಾಡಿದ ಅಡಿಗೆ. ತಾಟಿನ ಮುಂದೆ ಕೈಕಟ್ಟಿ ಕುಳಿತು ವಿಚಾರಣೆ ಸುರು ಮಾಡುತ್ತಾಳೆ.

"ಆಯಿ, ಈ ಸಾರು ಯಾವಾಗ ಮಾಡಿದ್ದು?"

"ಮುಂಜಾನೆ."

"ಮುಂಜಾನೆ ಅಂದ್ರ ಎಷ್ಟಕ್ಕ?"

ಹೆಣ್ಣು ನೋಡಲು ಬಂದವರು ಕೂಡ ಹುಡುಗಿ ಹುಟ್ಟಿದ ವೇಳೆಯನ್ನು ಇಷ್ಟು ಕೆದಕುವುದಿಲ್ಲ!

ಮೊದಲು ಹೀಗಿರಲಿಲ್ಲ, ಎಲ್ಲರ ಹಾಗೆ ಉಣ್ಣುತ್ತಿದ್ದಳು. ಎರಡು ವರ್ಷದ ಕೆಳಗೆ ಉಂಡ ಅರ್ಧ ತಾಸಿಗೆ ಮೈತುಂಬ ಗಂಧೆ ಏಳತೊಡಗಿದವು. ಮೂಗು ಸೋರುವುದು, ತಲೆ ಸಿಡಿಯುವುದು ಬೇರೆ. ನಾನು ಪಿತ್ತ ಅಂದೆ. ಓಣಿಯವರು ದೃಷ್ಟಿ ಅಂದರು. ಹುಬ್ಬಳ್ಳಿಯ ಡಾಕ್ಟರು ಮಾತ್ರ ಹಿಸ್ಟಮಿನ್ ಅಂದರು. ಅಡಿಗೆ ಹಳೆಯದಾದಷ್ಟೂ, ಹುಳಿ ಬಂದಷ್ಟೂ ಅದರಲ್ಲಿ ಈ ಅಂಶ ಹೆಚ್ಚಾಗುತ್ತದಂತೆ. ನಮ್ಮ ನಿಮ್ಮ ಮೈ ಅದನ್ನು ಕರಗಿಸಿಕೊಂಡು ಸುಮ್ಮನಿರುತ್ತದೆ, ಇವಳ ಮೈಗೆ ಆಗುವುದಿಲ್ಲ. ತಿಂದದ್ದನ್ನು ಬರೆದಿಡು, ಮೈಗೆ ಆಗದ್ದನ್ನು ಬಿಡು, ಮಾಡಿದ ಕೂಡಲೇ ಉಣ್ಣು, ವೇಳೆಗೆ ಸರಿಯಾಗಿ ಮಲಗು, ಬಿಸಿಲಲ್ಲಿ ತಿರುಗಬೇಡ, ಸಿಟ್ಟಿಗೇಳಬೇಡ ಎಂದು ಹೇಳಿ ಕಳಿಸಿದರು.

ಬರೆದು ಬರೆದು ನಮ್ಮ ಹುಡುಗಿ ಬಿಟ್ಟದ್ದೇನು? ಬದನೆಕಾಯಿ, ಟೊಮೆಟೊ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಮೊಸರು, ಉಪ್ಪಿನಕಾಯಿ. ಇವಿಷ್ಟನ್ನೂ ಬಿಟ್ಟು ನಮ್ಮ ಕಡೆ ಯಾರಾದರೂ ಬದುಕಿದ್ದುಂಟೇ? ಇದು ಪಥ್ಯವಲ್ಲ, ಗಡೀಪಾರು!

ಅದನ್ನೂ ನುಂಗಿಕೊಂಡೆ. ಆದರೆ ನನ್ನ ರಂಜಕ? ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೆಂತ್ಯ, ಲಿಂಬೆಹುಳಿ ಎಲ್ಲ ಹಾಕಿ ಕುಟ್ಟಿ, ಭರಣಿಯಲ್ಲಿ ತುಂಬಿ, ಬಟ್ಟೆ ಕಟ್ಟಿ ಇಟ್ಟರೆ ತಿಂಗಳು ತಿಂಗಳಿಗೂ ಅದರ ರುಚಿ ಏರುತ್ತದೆ. ನಮ್ಮ ಓಣಿಯಲ್ಲಿ ಹೆಂಗಸಿನ ಯೋಗ್ಯತೆಯನ್ನು ಅಳೆಯುವುದು ಅವಳ ಭರಣಿಯಿಂದ. ಆ ಭರಣಿಯನ್ನು ಈ ಹುಡುಗಿ ಎರಡು ಬೆರಳಿನಿಂದ ಆಚೆ ಸರಿಸಿ, "ಆಯಿ, ಇದು ನನಗ ಬಾಂಬ್ ಇದ್ದಂಗ" ಅಂದಳು.

"ನಿಮ್ಮಪ್ಪ ಇದನ್ನ ತಿಂದ ದೊಡ್ಡಾವ ಆಗ್ಯಾನ ಬೇ!"

"ಅದಕ್ಕ ಅಪ್ಪಗ ಅಷ್ಟ ಸಿಟ್ಟ!"

ಇಂಥ ಮಾತಿಗೆ ಎರಡು ಮಾತು ಬೈಯೋಣವೆಂದರೆ ಅದಕ್ಕೂ ಜಾಗವಿಲ್ಲ. ನಾನು ದನಿ ಏರಿಸಿದರೆ ಸಾಕು, "ಆಯಿ, ಹತ್ತು ನಿಮಿಷ ತಡಿ, ಮೈ ಕಡಿಲಿಕ್ಕೆ ಚಾಲೂ ಆಗತದ" ಎಂದು ಹೊರಗಿನ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂಡುತ್ತಾಳೆ. ಹತ್ತು ನಿಮಿಷಕ್ಕೆ ತಿರುಗಿ ಬಂದು, "ಹಾಂ, ಈಗ ಬೈ" ಅನ್ನುತ್ತಾಳೆ. ಆಗ ಏನು ಬೈಯಲಿ? ಎಲ್ಲ ಮರೆತಿರುತ್ತದೆ!

ನಗುವುದು ಇಲ್ಲಿಗೆ ಸಾಕು. ಒಂದೂವರೆ ತಿಂಗಳ ಕೆಳಗೆ ಅಣ್ಣಿಗೇರಿಯಲ್ಲಿ ನನ್ನ ತಂಗಿಯ ಬಸುರಿ ಸೊಸೆಯ ಕುಬಸದ ಊಟಕ್ಕೆ ಹೋದೆವು. ಎಲ್ಲರೂ ಪಂಕ್ತಿಯಲ್ಲಿ ಕುಳಿತಾಗ ಇವಳು ಚೀಲದಿಂದ ತನ್ನ ಡಬ್ಬಿ ತೆಗೆದಳು. ತಂಗಿ ಬಡಿಸುವ ಸೌಟು ಹಿಡಿದೇ ನಿಂತುಬಿಟ್ಟಳು.

"ಯಾಕಬೇ, ನಮ್ಮ ಅಡಿಗ್ಯಾಗ ವಿಷಾ ಹಾಕೀವೇನು?"

"ಹಂಗಲ್ರಿ, ನನ್ನ ಮೈಗೆ ಆಗಂಗಿಲ್ಲರಿ."

"ಎಲ್ಲಾರ ಮೈಗೂ ಆಗತದ, ಇಕಿ ಮೈ ಏನ ಬಂಗಾರದ್ದೇನು? ಅಕ್ಕಾ, ನೀನ ತಲಿ ಮ್ಯಾಲೆ ಕುಂದರಿಸ್ಕೊಂಡಿ. ಇಂಥಾಕಿನ್ನ ಯಾರ ಲಗ್ನಾ ಮಾಡ್ಕೋತಾರ?"

ಪಂಕ್ತಿ ತುಂಬ ನಗು. ಹುಡುಗಿ ತಲೆ ಬಗ್ಗಿಸಿ ತನ್ನ ಡಬ್ಬಿಯ ಅನ್ನ ಉಂಡಳು. ನಾನೇನು ಮಾಡಿದೆ? ನಾನೂ ನಕ್ಕೆ. ಆ ನಗು ಇನ್ನೂ ನನ್ನ ಬಾಯಲ್ಲಿ ಕಹಿಯಾಗಿ ಕೂತಿದೆ.

ಮನೆಗೆ ಬಂದ ಮೇಲೆ ತಂಗಿಯ ಮಾತು ತಲೆಯಲ್ಲಿ ಹುಳದಂತೆ ಕೊರೆಯಿತು. ಇದು ರೋಗವಲ್ಲ, ರೂಢಿ. ಗೊತ್ತಿಲ್ಲದೆ ತಿಂದರೆ ಏನೂ ಆಗುವುದಿಲ್ಲ ಎಂದು ನಾನೇ ಡಾಕ್ಟರಾದೆ. ನಾಲ್ಕನೇ ಇಯತ್ತೆ ಕಲಿತ ಡಾಕ್ಟರು! ಮರುದಿನ ಹೀರೇಕಾಯಿ ಪಲ್ಯಕ್ಕೆ ಒಂದು ಚಮಚ ರಂಜಕ ಕಲಸಿದೆ, ಬಿಸಿ ರೊಟ್ಟಿಯ ಜೊತೆ ಬಡಿಸಿ ಎದುರಿಗೇ ಕುಳಿತೆ. ಎರಡು ರೊಟ್ಟಿ ಉಂಡಳು. ನಾನು ಗೆದ್ದೆ ಅಂದುಕೊಂಡೆ.

ಅರ್ಧ ತಾಸು ಹಿಡಿಯಲಿಲ್ಲ. ತುಟಿ ಬಾತವು, ಕಣ್ಣು ಮುಚ್ಚಿಹೋದವು, ಉಸಿರು ಸಿಳ್ಳೆ ಹಾಕತೊಡಗಿತು. ಮಗ ಗಾಡಿ ಮಾಡಿಕೊಂಡು ನವಲಗುಂದದ ದವಾಖಾನೆಗೆ ಓಡಿಸಿದ. ಇಂಜೆಕ್ಷನ್ ಆಗಿ ಉಸಿರು ತಿಳಿಯಾದ ಮೇಲೆ ಕೂಗಾಡಿದ, "ಯಾರು ಏನ ತಿನ್ನಿಸೀರಿ? ಖರೇ ಹೇಳ್ರಿ!"

ಬಾತ ತುಟಿಯಲ್ಲೇ ಹುಡುಗಿ ಅಂದಳು, "ನಾನ ರಂಜಕ ತಿಂದೆ ಅಪ್ಪಾ. ಆಸೆ ಆಗಿತ್ತು."

ಅಪ್ಪನ ಕೈಲಿ ಬೈಸಿಕೊಂಡವಳು ಅವಳು. ಸುಮ್ಮನೆ ಕುಳಿತವಳು ನಾನು. ಅವತ್ತಿನಿಂದ ಅವಳ ಅಡಿಗೆಯನ್ನು ಅವಳೇ ಮಾಡಿಕೊಂಡಳು. ಒಂದು ಮಾತು ಅನ್ನಲಿಲ್ಲ, ಮುಖ ತಿರುಗಿಸಲಿಲ್ಲ. ನಾನೂ ಒಲೆಯ ಹತ್ತಿರ ಬಾ ಎಂದು ಕರೆಯಲಿಲ್ಲ. ಯಾವ ಬಾಯಿಂದ ಕರೆಯಲಿ? ಹೆತ್ತ ಮಗನಿಂದ ಹಿಡಿದು ಊರಿನ ಮಠದ ಅಯ್ಯನವರ ತನಕ ಉಣ್ಣಿಸಿದ ಈ ಕೈಯನ್ನು ನೋಡಿದರೆ ನನಗೇ ಅಸಹ್ಯವಾಗುತ್ತಿತ್ತು. ಇನ್ನು ಇವಳು ಈ ಕೈಯಿಂದ ಉಣ್ಣಲಿಕ್ಕಿಲ್ಲ ಎಂದುಕೊಂಡು ಒಂದೂವರೆ ತಿಂಗಳು ಕಳೆದೆ.

ನಿನ್ನೆ ಸಂಜೆ ಸಾಲಿಯಿಂದ ಬಂದವಳು ಚೀಲ ಮೂಲೆಗಿಟ್ಟು, "ಆಯಿ, ಭಾಳ ಹಸದೈತಿ. ನೀನ ಏನರೆ ಮಾಡಿ ಹಾಕು" ಅಂದಳು.

ಹಿಟ್ಟಿನ ಬುಟ್ಟಿಗೆ ಕೈ ಹೋಗಲಿಲ್ಲ. "ಅವತ್ತ ಪಲ್ಯಾಕ ರಂಜಕ ಹಾಕಿದಾಕಿ ನಾನ ನನ್ನವ್ವಾ" ಅಂದೆ.

"ಗೊತ್ತದ. ಮೊದಲನೇ ತುತ್ತಿಗೇ ಗೊತ್ತಾತು."

"ಮತ್ತ ಉಗುಳಬಾರದೇನ ಹುಚ್ಚಿ!"

"ನೀ ಎದರಿಗೆ ಕುಂತು ಅಷ್ಟ ಖುಷೀಲೆ ನೋಡಾಕತ್ತಿದ್ದಿ ಆಯಿ. ಹೆಂಗ ಉಗಳಲಿ?"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವಳು ಕಾಯಲಿಲ್ಲ. ಒಲೆ ಹಚ್ಚಿಕೊಟ್ಟು, ಅಡಿಗೆಮನೆಯನ್ನೆಲ್ಲ ನನ್ನ ಕೈಗೆ ಬಿಟ್ಟು, ಒಮ್ಮೆಯೂ ಹಿಂತಿರುಗಿ ನೋಡದೆ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು.