ಎರಡು ಸ್ವರಗಳ ನಡುವಿನ ಅತ್ತೆ

ನಾನು ನಿಂತಿದ್ದುದು ಚಿಕ್ಕನಾಯಕನಹಳ್ಳಿಯ ಮಾವನ ಮನೆಯ ಮುಂದೆ, ಚಪ್ಪರದ ಎಡಗಡೆಯ ಎರಡನೆಯ ಕಂಬದ ಪಕ್ಕ. ತೊಂಬತ್ತೇಳರ ಮೇ ತಿಂಗಳು, ಬೆಳಗ್ಗೆ ಒಂಬತ್ತೂಕಾಲು ಗಂಟೆ. ನಾದಿನಿ ಗೌರಿಗೆ ಅರಿಶಿನದ ಶಾಸ್ತ್ರ. ಇಷ್ಟು ಕರಾರುವಾಕ್ಕಾಗಿ ಹೇಳುವುದೇಕೆಂದರೆ, ಅಂದು ಮಿಕ್ಕದ್ದೆಲ್ಲ ಅಲುಗಾಡಿತು. ಜಾಗ, ಹೊತ್ತು ಎರಡಾದರೂ ನಿಂತಲ್ಲೇ ನಿಂತಿರಲಿ ಎಂದು.

ಅತ್ತೆ ಸೋಬಾನೆ ಹಾಡುವಾಗ ನಾನು ಗಿಟಾರು ನುಡಿಸಲೇಬೇಕೆಂಬುದು ನನ್ನ ಹಟ. ಶ್ರುತಿ ಕೂಡಿಸಲು ಊದುವ ಪುಟ್ಟ ಪೀಪಿಯೊಂದನ್ನೂ ಕೊಂಡಿದ್ದೆ. ಆದರೆ ಅತ್ತೆಯ ಶ್ರುತಿ ಪೀಪಿಯ ಯಾವ ಸ್ವರದಲ್ಲೂ ಇರಲಿಲ್ಲ. ಒಂದಕ್ಕಿಂತ ಚೂರು ಕೆಳಗೆ, ಅದರ ಕೆಳಗಿನದಕ್ಕಿಂತ ಚೂರು ಮೇಲೆ.

"ಅಮ್ಮನ ಹಾಡು ಕೆಡಿಸಿದ್ರೆ ಈ ಡಬ್ಬ ಅಟ್ಟಕ್ಕೆ ಕಣ್ರೀ. ಕಾಯಿ ಜೊತೆ ಒಣಗ್ಲಿ," ಎಂದು ಹೆಂಡತಿ ಮಂಗಳ ತೀರ್ಪು ಕೊಟ್ಟಿದ್ದಳು.

ಶಾಸ್ತ್ರಕ್ಕೆ ಮುಂಚೆ ಎರಡು ಭಾನುವಾರ ತುರುವೇಕೆರೆಯಿಂದ ಬಸ್ಸು ಹತ್ತಿ ಬಂದೆ. ಅತ್ತೆ ಅಟ್ಟದಲ್ಲಿ ಕೂತು, ವರ್ಷವಿಡೀ ಒಣಗಿದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಆಲಿಸುತ್ತಾ ಗುನುಗುತ್ತಿದ್ದರು. ನಾನು ಏಣಿಯ ಕೆಳಗೆ ಕೂತು ಪೀಪಿ ಊದುವುದು, ತಂತಿ ಬಿಗಿಯುವ ಬಿರಡೆ ತಿರುಗಿಸುವುದು. ನನಗೆ ನುಡಿಸಲು ಬರುತ್ತಿದ್ದುದು ಒಂದೇ ತಂತಿ. ಮಿಕ್ಕ ಐದು ಶೋಭೆಗೆ. ಕೊನೆಗೂ ಆ ನಡುವಿನ ಜಾಗ ಸಿಕ್ಕಿತು. ಎಲೆಯಡಿಕೆಯ ಸುಣ್ಣದಿಂದ ಬಿರಡೆಗೆ ಗುರುತಿಟ್ಟೆ.

ಶಾಸ್ತ್ರದ ದಿನ ತಂತಿ ಮೀಟಿದೆ. ಅತ್ತೆ ಬಾಯಿ ತೆರೆದರು. ಸೇರಲಿಲ್ಲ! ಸುಣ್ಣದ ಗುರುತು ಇದ್ದಲ್ಲೇ ಇತ್ತು. ಅತ್ತೆ ಮೇಲೇರಿದ್ದರು, ನೇರ ಪೀಪಿಯ ಸ್ವರಕ್ಕೆ. ಅವಸರದಲ್ಲಿ ನಾನೂ ತಂತಿ ಬಿಗಿದು ಅಲ್ಲಿಗೆ ಹತ್ತಿದೆ. ಅಷ್ಟರಲ್ಲಿ ಅವರು ತಮ್ಮ ಹಳೆಯ ಜಾಗಕ್ಕೆ ಇಳಿದಿದ್ದರು.

"ಇದೇನವ್ವಾ, ಒಬ್ರು ಬಂದ್ರೆ ಒಬ್ರು ಎದ್ದೋಯ್ತಾರೆ!" ಎಂದಳು ಪಕ್ಕದ ಮನೆಯ ಹೆಂಗಸು. ಚಪ್ಪರವೆಲ್ಲ ನಗು. ಮಂಗಳ ಮಾತ್ರ ನಗದೆ ಅಟ್ಟದ ಕಡೆ ನೋಡಿದಳು.

ಮತ್ತೆ ಬಿರಡೆ ಇಳಿಸತೊಡಗಿದೆ. ಅತ್ತೆಯ ಅರಿಶಿನದ ಕೈ ಬಂದು ನನ್ನ ಕೈ ಹಿಡಿಯಿತು.

"ಅಳಿಯಂದ್ರೇ, ಅದ್ನ ಬುಡಿ. ನೀವು ನಿಂತ್ಕಳಿ, ನಾನೇ ಬತ್ತೀನಿ. ಪಾಪ, ಇಷ್ಟು ಒದ್ದಾಡ್ತಾವ್ರಲ್ಲ ಅಂತ ನಿಮ್ಮ ಪೀಪಿ ಕೇಳ್ಕಂಡು ಅಟ್ಟದ ಮ್ಯಾಲೆ ಕಲ್ತಿದ್ದೆ. ನೀವು ನೋಡಿದ್ರೆ ನನ್ ದಾರಿಗೆ ಬಂದಿದ್ದೀರಿ!"

ಆಗ ಬಿರಡೆ ಪೀಪಿಗೂ ಇಲ್ಲ, ಸುಣ್ಣಕ್ಕೂ ಇಲ್ಲ. ಎರಡರ ನಡುವೆ ಎಲ್ಲೋ ನಿಂತಿತ್ತು. ಅತ್ತೆ ಒಂದು ಸಲ ತಂತಿ ಮೀಟಿಸಿ, ಕಾಯಿ ಆಲಿಸುವಂತೆ ತಲೆ ವಾಲಿಸಿ ಕೇಳಿ, ಅಲ್ಲಿಗೇ ಬಂದು ಹಾಡಿದರು. ಐದು ನುಡಿ. ಎಲ್ಲೂ ಕೂದಲಷ್ಟೂ ಕದಲಲಿಲ್ಲ.

ಅತ್ತೆ ಈಗಿಲ್ಲ. ಆ ಬಿರಡೆಯನ್ನು ನಾನು ಮತ್ತೆ ಮುಟ್ಟಿಲ್ಲ. ಹತ್ತಿರದಿಂದ ಕಂಡವರಲ್ಲಿ ಉಳಿದಿರುವವರು ಇಬ್ಬರು. ಗೌರಿಗೆ ಕಣ್ಣಿಗೆ ಅರಿಶಿನ ಹೋಗಿ ಏನೂ ಕಾಣಲಿಲ್ಲವಂತೆ. ಮಂಗಳ ಎಲ್ಲವನ್ನೂ ಕಂಡಿದ್ದಾಳೆ, ಕೇಳಿದರೆ ಹೇಳುತ್ತಾಳೆ: "ಅಮ್ಮ ಮೂರು ಕಡೆ ಹುಡುಕ್ಕೊಂಡು ಬಂದ್ಲು ಕಣ್ರೀ. ನಿಮಗೆ ಒಂದ್ಕಡೆ ನಿಂತ್ಕಳಕ್ಕೆ ಆಗ್ಲಿಲ್ಲ."