ಹಲಬರ್ಗಾದ ಬೀಸುಕಲ್ಲನ್ನು ಮನೆಗೆ ಕಳಿಸಿಕೊಡುವ ಕುರಿತು

ಇಂದ:
ಕಾಂತಾಬಾಯಿ ಗಂಡ ಹಣಮಂತಪ್ಪ,
ಉದ್ಯೋಗ: ಒಕ್ಕಲುತನ ಹಾಗೂ ಕುರಿ ಸಾಕಣೆ,
ಸಾ: ಹಲಬರ್ಗಾ, ತಾ: ಭಾಲ್ಕಿ.
(ಹೇಳಿದ್ದು ಆಕೆ. ಬರೆದದ್ದು ಭಾಲ್ಕಿಯ ಅರ್ಜಿ ಬರಹಗಾರ ಕಾಶೀನಾಥ.)

ಗೆ:
ಮಾನ್ಯ ಅಧ್ಯಕ್ಷರು,
ನಮ್ಮೂರ ಕಲಾಕೇಂದ್ರ, ಮೈಲೂರ, ಬೀದರ.

ವಿಷಯ: ಕಲಾಕೃತಿಯಾಗಿ ಒಳಗೆ ಹೋಗಿ ದೇವರಾಗಿ ಅಲ್ಲೇ ಕುಳಿತಿರುವ ಬೀಸುಕಲ್ಲನ್ನು ಮಗಳ ಮದುವೆಯ ಅರಿಶಿನಕ್ಕಾಗಿ ಬಿಡಿಸಿಕೊಡುವ ಬಗ್ಗೆ.

ಉಲ್ಲೇಖ:
1. ತಮ್ಮ ಕೇಂದ್ರದ ಆಮಂತ್ರಣ ಪತ್ರಿಕೆ, ವಿಶೇಷವಾಗಿ ಅದರಲ್ಲಿನ ‘ಪ್ರತಿಷ್ಠಾಪನೆ’ ಎಂಬ ಶಬ್ದ.
2. ಕಾರ್ಯದರ್ಶಿ ನಾಗಸೇನ ಅವರ ಬಾಯಿಮಾತಿನ ಉತ್ತರ.
3. ಸದರಿ ಉತ್ತರಕ್ಕೆ ಅರ್ಜಿದಾರಳು ಕೊಟ್ಟ ಉತ್ತರ (ಬರೆಯಲು ಯೋಗ್ಯವಲ್ಲದ ಕಾರಣ ಲಗತ್ತಿಸಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ,

1. ಸದರಿ ಬೀಸುಕಲ್ಲು ಅರ್ಜಿದಾರಳಿಗೆ ಅತ್ತೆಯಿಂದ ಬಂದದ್ದು. ಹಿಟ್ಟು ಈಗ ಗಿರಣಿಯಲ್ಲೇ ಆಗುತ್ತದೆ. ಆದರೆ ಆ ಮನೆಯಲ್ಲಿ ಯಾರ ಮದುವೆಯಾದರೂ ಅರಿಶಿನ ಈ ಕಲ್ಲಿನಲ್ಲೇ ಬೀಸಬೇಕು. ಹಣಮಂತಪ್ಪನ ಮೈಗೆ ಹಚ್ಚಿದ ಅರಿಶಿನವೂ ಇದರದ್ದೇ. ಅದು ಇನ್ನೂ ಬಿಟ್ಟಿಲ್ಲ ಎಂದು ಹೇಳಿ ಅರ್ಜಿದಾರಳು ನಕ್ಕಳು; ಅದನ್ನೂ ಬರೆಯಲು ಹೇಳಿದ್ದರಿಂದ ಬರೆದಿದೆ.

2. ಮಗಳು ಮೇಘಾ ಭಾಲ್ಕಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ತಮ್ಮ ಕೇಂದ್ರದ ಸಮಕಾಲೀನ ಕಲಾ ಪ್ರದರ್ಶನಕ್ಕೆ ಕರೆ ಬಂದದ್ದೇ ತಡ, ಆಕೆ ಮನೆಯನ್ನೆಲ್ಲ ಜಾಲಾಡಿ ಕಡೆಗೆ ಕಲ್ಲಿನ ಮೇಲೆ ಕಣ್ಣು ಹಾಕಿದಳು. ಪ್ರದರ್ಶನ ಮುಗಿದ ಮರುದಿನವೇ ತಂದುಕೊಡುವುದಾಗಿ ಮಾತು ಕೊಟ್ಟು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದಳು. ಬಿಳಿ ಗೋಡೆಯ ಕೋಣೆ, ನಡುವೆ ಕರಿ ಉಣ್ಣೆಯ ರಾಶಿ, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಬೆಳಕು, ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಫಲಕ. ನಿಂತುಹೋದ ಕಲ್ಲಿನ ಮೌನವನ್ನು ಜನ ಕೇಳಬೇಕೆಂಬುದು ಆಕೆಯ ವಿಚಾರ. ಅರ್ಜಿದಾರಳ ತಕರಾರು ಹೀಗಿದೆ: “ಸಪ್ಪಳಿಲ್ಲದ ಬೀಸುಕಲ್ಲ ನೋಡ್ಲಿಕ್ಕ ಮಂದಿ ಬೀದರಕ್ಕ ಯಾಕ ಹೋಗಬೇಕು? ನಮ್ಮ ಪಡಸಾಲ್ಯಾಗ ಪುಕಟ ನೋಡಲಿ.”

3. ಈ ಬಗೆಯ ಕಲೆಗೆ ಇನ್‌ಸ್ಟಾಲೇಶನ್ ಎನ್ನುತ್ತಾರಂತೆ. ತಮ್ಮ ಕೇಂದ್ರವು ಕನ್ನಡದ ಮೇಲಿನ ಅಭಿಮಾನದಿಂದ ‘ಬೀಸುಕಲ್ಲಿನ ಪ್ರತಿಷ್ಠಾಪನೆ, ಸರ್ವರಿಗೂ ಸ್ವಾಗತ’ ಎಂದು ಅಚ್ಚು ಹಾಕಿಸಿ ಮೈಲೂರಿನ ಮನೆಮನೆಗೆ ಹಂಚಿತು. ಆದ್ದರಿಂದ ಶೇವಂತಾಬಾಯಿ ಎಂಬ ಹಿರಿಯ ಹೆಣ್ಣುಮಗಳು ಓಣಿಯ ಹೆಂಗಸರನ್ನು ಕಟ್ಟಿಕೊಂಡು, ಕಾಯಿ ಕರ್ಪೂರ ಕುಂಕುಮ ಸಮೇತ ಹಾಜರಾದಳು. ಬಾಗಿಲಲ್ಲಿ ಕೇಳಿದ್ದಕ್ಕೆ, “ಪ್ರತಿಷ್ಠಾಪನಾ ಅಂದ ಮ್ಯಾಲ ಬರೀ ಕೈಲೆ ಹ್ಯಾಂಗ ಬರಬೇಕ್ರಿ?” ಎಂದಳು. ಕಲ್ಲಿಗೆ ನಡೆದ ಈ ಪೂಜೆ ಕಲಾವಿದೆಯೇ ಮಾಡಿಸಿದ್ದು ಎಂದು ನಾಗಸೇನ ತಿಳಿದರು. ಕೇಂದ್ರದವರು ಮಾಡಿಸಿದ್ದು ಎಂದು ಮೇಘಾ ತಿಳಿದಳು. ಎಲ್ಲವೂ ಕಲೆಯೇ ಎಂದು ತಿಳಿದ ಕಲಾರಸಿಕರು ಚಪ್ಪಾಳೆ ತಟ್ಟಿ, ಪ್ರಸಾದ ತಿಂದು ಹೋದರು.

4. ಪ್ರದರ್ಶನ ಮುಗಿಯಿತು. ಉಳಿದವರ ಚಿತ್ರಗಳೆಲ್ಲ ಗೋಡೆಯಿಂದ ಇಳಿದು ಮನೆ ಸೇರಿದವು. ಅರ್ಜಿದಾರಳು ಗೂಡ್ಸ್ ಆಟೋ ತಂದಾಗ ಕಲ್ಲಿಗೆ ಹೂವಿನ ಹಾರ ಬಿದ್ದಿತ್ತು. ಪ್ರತಿಷ್ಠಾಪನೆ ಆದದ್ದನ್ನು ಹಾಗೆಲ್ಲ ಎಬ್ಬಿಸಬಾರದು ಎಂದು ಹೆಂಗಸರು ತಡೆದರು. ಮನೆಯಲ್ಲಿ ಬುದ್ಧವಂದನೆಯ ಹೊರತು ಬೇರೆ ಪೂಜೆಯ ಗೊಡವೆಯೇ ಇಲ್ಲದ ನಾಗಸೇನ ಕೈಮುಗಿದು, “ನಾ ದೇವರ ಕೂಡ್ಸೋ ಪೈಕಿನೂ ಅಲ್ಲರಿ ಅಕ್ಕಾ, ಎಬ್ಸೋ ಪೈಕಿನೂ ಅಲ್ಲರಿ” ಎಂದರು. ಮೇಘಾಳನ್ನು ಕೇಳಿದರೆ, ಕೃತಿಯ ಅರ್ಥ ಈಗ ಬೆಳೆದಿದೆ, ಸ್ವಲ್ಪ ತಡೆಯವ್ವ ಎಂದಳು. ಅರ್ಥ ಬೆಳೆಯುವವರೆಗೆ ಮುಹೂರ್ತ ಕಾಯುವುದಿಲ್ಲ.

5. ಏಕೆಂದರೆ ಮದುವೆ ಇದೇ ಮೇಘಾಳದು. ವರ ಔರಾದದ ಶಿವಕಾಂತ. ಬೀಗರು ಒಳ್ಳೆಯವರು, ಅಷ್ಟು ತ್ರಾಸು ಯಾಕೆ, ಅಂಗಡಿಯ ಅರಿಶಿನದ ಪಾಕೀಟು ತಂದರಾಯಿತು ಎಂದರು. ಈ ಮಾತು ಅರ್ಜಿದಾರಳ ಎದೆಗೆ ನಾಟಿತು. ಒಬ್ಬಳೇ ಬಸ್ಸು ಹತ್ತಿ ತಮ್ಮ ಕೇಂದ್ರಕ್ಕೆ ಬಂದಳು. ಅತ್ತೆಯ ಕೈ, ತನ್ನ ಕೈ ತಾಗಿ ತಾಗಿ ನುಣುಪಾದ ಆ ಗೂಟ ಹಿಡಿಯಲು ಕೈ ಚಾಚಿದಳು. ಆಗ ಫಲಕ ಕಂಡಿತು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ, ತನ್ನ ಕಲ್ಲಿನಿಂದಲೇ ತನ್ನ ಕೈ ಹಿಂದೆಗೆದುಕೊಂಡಳು. ಅಲ್ಲೇ ಕೂತು ಅತ್ತಳು.

(ಇಲ್ಲಿ ಬರವಣಿಗೆ ನಿಲ್ಲಿಸಿ ಬರಹಗಾರನು ಚಹಾ ತರಿಸಿದನು.)

6. ಆ ಹೊತ್ತಿಗೆ ದೀಪ ಹಚ್ಚಲು ಬಂದ ಶೇವಂತಾಬಾಯಿ ಇದನ್ನು ಕಂಡು ಪಕ್ಕದಲ್ಲಿ ಕೂತಳು. ಮಗಳು, ಮದುವೆ, ಅರಿಶಿನ, ಎಲ್ಲ ಕೇಳಿದಳು. ಕೇಳಿ ತಾನೂ ಕಣ್ಣು ಒರೆಸಿಕೊಂಡು ಹೇಳಿದ ಮಾತು ಹೀಗಿದೆ: “ದೇವರನ್ನ ಹೊರಗ ಹಾಕ್ಲಿಕ್ಕ ಬರಲ್ಲರಿ. ಆದ್ರ ಹೆಣ್ಣಮಗಳನ್ನ ಕಳಸ್ತೇವಲ್ಲ? ಅರಿಶಿಣ ಇಲ್ಲೇ ಬೀಸೂಣು. ಆಮ್ಯಾಲ ಕಲ್ಲಿಗಿ ಉಡಿ ತುಂಬಿ ನಿಮ್ಮ ಮನಿಗಿ ಕಳಸ್ತೇವಿ. ಮೈಲೂರ ಆಕಿ ತವರಮನಿ ಅಂತ ತಿಳೀರಿ.”

ಅಂದೇ ಅರ್ಜಿದಾರಳು ಮನೆಗೆ ಬಂದು ಹೊಟ್ಟೆತುಂಬ ಉಂಡಳು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ಬರುವ ಶುಕ್ರವಾರ ಸದರಿ ಕೋಣೆಯನ್ನು ಅರಿಶಿನ ಬೀಸಲು ಬಿಟ್ಟುಕೊಡಬೇಕು. ಪುಡಿ ಹಾರದಂತೆ ಫ್ಯಾನು ನಿಲ್ಲಿಸಬೇಕು. ಬೀಸುವ ಹಾಡುಗಳಿಗೆ ಆಕ್ಷೇಪಿಸಬಾರದು. ಬಿಳಿ ಗೋಡೆ ಹಳದಿಯಾದರೆ ಅದನ್ನೂ ಕಲೆಯೆಂದೇ ತಿಳಿಯಬೇಕು. ಮೌನ ಕೇಳಲು ಬಂದವರು ಅಂದು ಸಪ್ಪಳವನ್ನೂ ಕೇಳಿಹೋಗಬಹುದು. ನಾಗಸೇನ ಅವರು ಪೂಜೆಗೆ ಬೇಡ, ಊಟಕ್ಕೆ ಬರಬೇಕು. ಕಲ್ಲನ್ನು ಆಟೋಗೆ ಏರಿಸಲು ಅವರೇ ಒಂದು ಕೈ ಹಚ್ಚುವುದಾಗಿ ಒಪ್ಪಿರುತ್ತಾರೆ.

ತಮ್ಮ ಮೇಲಿನ ವಿಶ್ವಾಸವನ್ನು ಇನ್ನೂ ಕಳೆದುಕೊಳ್ಳದ,
(ಸಹಿ) ಕಾಂತಾಬಾಯಿ
ಬಿಕ್ಕಲಂ (ಬರೆದವರು): ಕಾಶೀನಾಥ, ಭಾಲ್ಕಿ

ಲಗತ್ತುಗಳು:
1. ಮದುವೆ ಪತ್ರಿಕೆ. ಇದರಲ್ಲಿ ‘ಪ್ರತಿಷ್ಠಾಪನೆ’ ಎಂಬ ಶಬ್ದ ಎಲ್ಲಿಯೂ ಇರುವುದಿಲ್ಲ.
2. ಅರಿಶಿನದ ಕೊಂಬು, ಮಾದರಿಗಾಗಿ.
3. ‘ಮುಟ್ಟಬೇಡಿ’ ಫಲಕ, ಅಸಲು. ಅತ್ತು ಮುಗಿದ ಮೇಲೆ ಅರ್ಜಿದಾರಳು ಸಿಟ್ಟಿನಿಂದ ಕಿತ್ತು ಸೆರಗಿನಲ್ಲಿ ತಂದದ್ದು. ಈ ಮೂಲಕ ಮರಳಿಸಿದೆ. ಇದನ್ನು ದಯಮಾಡಿ ಕಪಾಟಿನಲ್ಲಿಟ್ಟು ಬೀಗ ಹಾಕಬೇಕಾಗಿ ವಿನಂತಿ. ಮೇಘಾ ಮೊನ್ನೆ ಔರಾದಕ್ಕೆ ಹೋದಾಗ ಅತ್ತೆಮನೆಯ ಒರಳುಕಲ್ಲಿನ ಸುತ್ತ ಎರಡು ಸುತ್ತು ಹಾಕಿ ನೋಡಿ ಬಂದಿರುತ್ತಾಳೆ.